ರೋಗಿಯ ಮನೆಗೆ ನರ್ಸ್: ಅನುಮತಿ ಯಾರದ್ದು, ಹೊಣೆ ಯಾರದ್ದು?

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

(ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಆರೈಕೆ ಸೇವೆ ನಡೆಸುತ್ತಿರುವ ಹಿರಿಯ ನರ್ಸ್ ಈ ಅಂಕಣದಲ್ಲಿ ಓದುಗರಿಗೆ ಉತ್ತರಿಸುತ್ತಾರೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸುವುದಿಲ್ಲ.)

ಪ್ರಶ್ನೆ: ನಾನು ಮಂಡ್ಯದವಳು. ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಮುಗಿಸಿ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಹಲವು ವರ್ಷ ದುಡಿದಿದ್ದೇನೆ. ಪಾರ್ಶ್ವವಾಯುವಾಗಿ ಮಲಗಿದವರು, ಸಕ್ಕರೆ ಕಾಯಿಲೆಯ ಕಾಲುಹುಣ್ಣಿನವರು ಮನೆಗೆ ಹೋದ ಮೇಲೂ ಡ್ರೆಸ್ಸಿಂಗ್‌ಗೆ, ಮೂತ್ರದ ನಳಿಕೆ ಬದಲಾಯಿಸುವುದಕ್ಕೆ ಆಟೊ ಮಾಡಿಕೊಂಡು ನರಳುತ್ತಾ ಬರುತ್ತಾರೆ. ಇಬ್ಬರು ಸ್ನೇಹಿತೆಯರೊಂದಿಗೆ ಸೇರಿ, ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆ ತೆರೆಯಬೇಕೆಂದಿದ್ದೇನೆ. ವಿಚಾರಿಸಿದರೆ ಒಬ್ಬರು ಕೆಪಿಎಂಇ ನೋಂದಣಿ ಬೇಕೇ ಬೇಕು ಎನ್ನುತ್ತಾರೆ. ಇನ್ನೊಬ್ಬರು ಡಾಕ್ಟರ್ ಇಲ್ಲದಿದ್ದರೆ ಅರ್ಜಿಯನ್ನೇ ನೋಡುವುದಿಲ್ಲ ಎನ್ನುತ್ತಾರೆ. ಮೂರನೆಯವರು "ನರ್ಸಿಂಗ್ ಬ್ಯೂರೊ ಎಂದು ಬೋರ್ಡ್ ಹಾಕಿ ಶುರು ಮಾಡಿ, ಯಾರು ಕೇಳುತ್ತಾರೆ" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂರನೆಯವರ ಮಾತನ್ನು ಮೊದಲು ಪಕ್ಕಕ್ಕಿಡಿ. ಯಾರೂ ಕೇಳುವುದಿಲ್ಲ ಎಂಬುದು ನಿಮ್ಮ ರೋಗಿಯೊಬ್ಬರಿಗೆ ಚಳಿಜ್ವರ ಬರುವ ತನಕ ಮಾತ್ರ ನಿಜ. ಆಮೇಲೆ ಎಲ್ಲರೂ ಕೇಳುತ್ತಾರೆ. ಬೋರ್ಡ್ ಹಾಕಿ ಎಂದವರೇ ಎಲ್ಲರಿಗಿಂತ ಮುಂದೆ ನಿಂತು ಕೇಳುತ್ತಾರೆ.

ಉಳಿದಿಬ್ಬರು ಹೇಳಿದ್ದರಲ್ಲಿ ಅರ್ಧರ್ಧ ಸತ್ಯವಿದೆ. ಕೆಪಿಎಂಇ ಎಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ. 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ಯಾವುದನ್ನು ವೈದ್ಯಕೀಯ ಸಂಸ್ಥೆ ಎನ್ನಬೇಕು ಎಂದು ಹೇಳುವಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ, ಹೆರಿಗೆ ಮನೆ, ಪ್ರಯೋಗಾಲಯ, ಸ್ಕ್ಯಾನಿಂಗ್ ಕೇಂದ್ರ, ಫಿಸಿಯೊಥೆರಪಿ ಕೇಂದ್ರ, ಕ್ಲಿನಿಕ್ ಎಂದು ಹೆಸರುಗಳ ಸಾಲೇ ಇದೆ. ನರ್ಸ್ ತನ್ನ ಚೀಲ ಹಿಡಿದು ರೋಗಿಯ ಮನೆಗೆ ಹೋಗುವುದನ್ನು ಅಲ್ಲಿ ಹೆಸರಿಟ್ಟು ಹೇಳಿಲ್ಲ. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಕಟ್ಟಡ, ಹಾಸಿಗೆ, ಡಾಕ್ಟರರ ಕೋಣೆ. ನಮ್ಮ ಕೆಲಸದಲ್ಲಿ ಈ ಮೂರೂ ಇಲ್ಲ, ಹಾಸಿಗೆ ರೋಗಿಯದ್ದೇ. ಆದರೆ ಅದೇ ವ್ಯಾಖ್ಯೆಯಲ್ಲಿ ಸಾರ್ವಜನಿಕರಿಗೆ ತಪಾಸಣೆ, ಚಿಕಿತ್ಸೆ, ಪುನಶ್ಚೇತನದ ಸೌಲಭ್ಯ ಕೊಡುವುದು ಎಂಬ ಅಗಲವಾದ ಮಾತುಗಳೂ ಇವೆ. ಬೇಕೆಂದ ಅಧಿಕಾರಿ ಆ ಮಾತುಗಳ ಒಳಗೆ ನಿಮ್ಮನ್ನು ಎಳೆದುಕೊಳ್ಳಬಹುದು. ಬೇಡವೆಂದವರು "ನಿಮಗೆ ಅನ್ವಯಿಸುವುದಿಲ್ಲ, ಹೋಗಿ" ಎಂದು ಬಾಯಲ್ಲಿ ಹೇಳಿ ಕಳುಹಿಸಬಹುದು. ನೋಂದಣಿ ಇಲ್ಲದೆ ನಡೆಸಿದರೆ ದಂಡವಷ್ಟೇ ಅಲ್ಲ, ಜೈಲು ಶಿಕ್ಷೆಯೂ ಇರುವ ಕಾಯ್ದೆ ಇದು. ಬಾಯಿಮಾತನ್ನು ನಂಬಿ ಕೂರುವ ಹಾಗಿಲ್ಲ.

ಆದ್ದರಿಂದ ನೋಂದಣಿ ಪ್ರಾಧಿಕಾರಕ್ಕೆ ಒಂದು ಪತ್ರ ಬರೆಯಿರಿ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಪತ್ರ ಒಂದೇ ಪುಟ ಇರಲಿ. ನಾವು ಇಂತಿಂಥ ನೋಂದಾಯಿತ ನರ್ಸ್‌ಗಳು, ವೈದ್ಯರ ಲಿಖಿತ ಆದೇಶದ ಮೇಲೆ ರೋಗಿಯ ಮನೆಯಲ್ಲಿ ಇಂತಿಂಥ ಕೆಲಸ ಮಾಡುತ್ತೇವೆ, ಇಂತಿಂಥವನ್ನು ಮಾಡುವುದಿಲ್ಲ, ನಮಗೆ ನೋಂದಣಿ ಬೇಕೇ, ಬೇಕಾದರೆ ಯಾವ ವರ್ಗದಲ್ಲಿ ಎಂದು ಕೇಳಿ. "ಮಾಡುವುದಿಲ್ಲ" ಎಂಬ ಸಾಲನ್ನು ಮರೆಯಬೇಡಿ, ಓದುವವರ ಭಯ ಇಳಿಯುವುದು ಅಲ್ಲಿಯೇ. ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಕೈಗೆ ಬರುವ ತನಕ ಕಚೇರಿಯಿಂದ ಏಳಬೇಡಿ. ಉತ್ತರ ಬಾರದಿದ್ದರೆ ಜಗಳ ಬೇಡ. ಹತ್ತು ರೂಪಾಯಿ ಶುಲ್ಕ ಕಟ್ಟಿ, ನನ್ನ ಪತ್ರದ ಮೇಲೆ ಏನು ಕ್ರಮವಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಯಾರಾದರೂ ಆ ಕಡತವನ್ನು ತೆರೆಯಲೇಬೇಕಾಗುತ್ತದೆ.

ಅಷ್ಟರಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ. ಹೊಸಬರಿಗೆ ನಾನು ಹೇಳುವ ದಾರಿ: ಈಗಾಗಲೇ ಕೆಪಿಎಂಇ ನೋಂದಣಿ ಇರುವ ಕ್ಲಿನಿಕ್ ಒಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು, ಅದರ ಹೊರಸೇವೆಯಾಗಿ ಆರಂಭಿಸಿ. ಸ್ವಾಭಿಮಾನಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ, ನಿಜ. ಸಂಸ್ಥೆ ನಮ್ಮದು, ಕಾಗದ ಅವರದು ಎನ್ನಿಸುತ್ತದೆ. ಆದರೆ ಡಾಕ್ಟರರ ಸಹಿಗೂ ತ್ಯಾಜ್ಯದ ವಿಲೇವಾರಿಗೂ ಮೊದಲ ದಿನದಿಂದಲೇ ಒಂದು ವಿಳಾಸ ಸಿಗುತ್ತದೆ. ಎಚ್ಚರವಿರಲಿ: ನಿಮ್ಮ ಕಚೇರಿಯಲ್ಲೇ ಒಂದು ಮಂಚ ಹಾಕಿ "ಬಂದವರಿಗೆ ಇಲ್ಲೇ ಡ್ರೆಸ್ಸಿಂಗ್" ಎಂದು ಆರಂಭಿಸಿದ ಕ್ಷಣವೇ ಅದು ಕ್ಲಿನಿಕ್ ಆಯಿತು. ಆಮೇಲೆ ನೋಂದಣಿಯ ವಿಷಯದಲ್ಲಿ ವಾದಕ್ಕೆ ಜಾಗವಿಲ್ಲ.

ನಿಮ್ಮ ಜಿಲ್ಲೆಯ ಇನ್ನೊಂದು ಸಂಗತಿ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದು ನಿಮಗೆ ಗೊತ್ತೇ ಇದೆ. ಆಸ್ಪತ್ರೆಯ ಗೋಡೆಯ ಹೊರಗೆ ವೈದ್ಯಕೀಯ ಕೆಲಸ ಎಂದ ಕೂಡಲೇ ಅಧಿಕಾರಿಗಳ ಹುಬ್ಬು ಮೇಲೇರಿದರೆ ಅದಕ್ಕೆ ಕಾರಣವಿದೆ, ಸಿಟ್ಟಾಗಬೇಡಿ. ಗರ್ಭಕ್ಕೆ ಸಂಬಂಧಿಸಿದ ಯಾವ ಮಾತ್ರೆಯೂ ನಿಮ್ಮ ಚೀಲದಲ್ಲಿ ಇರಕೂಡದು. ಗರ್ಭಪಾತ ಮಾಡಿಸುವ ಅಧಿಕಾರ 1971ರ ಕಾಯ್ದೆಯ ಪ್ರಕಾರ ನೋಂದಾಯಿತ ವೈದ್ಯರಿಗೆ ಮಾತ್ರ. ನೆಂಟರ ಮಗಳು ಬಂದು ಕಾಲಿಗೆ ಬಿದ್ದರೂ ಇಲ್ಲ ಎನ್ನಿ.

ಉಳಿದ ಕಾಗದಗಳು ಅಷ್ಟೇನೂ ಕಾಡುವುದಿಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಮೂವರದ್ದೂ ಚಾಲ್ತಿಯಲ್ಲಿರಲಿ. ಮದುವೆಯಾದ ಮೇಲೆ ನವೀಕರಣ ಮರೆತವರು ನಮ್ಮಲ್ಲಿ ಬಹಳ. ಕಚೇರಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ನಗರಸಭೆಯ ಉದ್ದಿಮೆ ಪರವಾನಗಿ, ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ. ಉದ್ಯಮ್‌ಗೆ ಶುಲ್ಕವೇ ಇಲ್ಲ. ಮಾಡಿಸಿಕೊಡುತ್ತೇನೆ, ಎರಡು ಸಾವಿರ ಕೊಡಿ ಎನ್ನುವವರಿಗೆ ಕೈಮುಗಿಯಿರಿ.

ತ್ಯಾಜ್ಯದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮನೆ ಆರೈಕೆಯಲ್ಲಿ ಎಲ್ಲರೂ ಜಾರುವುದು ಇಲ್ಲಿಯೇ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಊರಿಗೆ ಕಾಲುಹುಣ್ಣಿನ ಡ್ರೆಸ್ಸಿಂಗ್‌ಗೆ ಹೋಗುತ್ತಿದ್ದೆ. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದ ರೈತ. ಸಕ್ಕರೆಯಿಂದ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಕೂಳೆ ಚುಚ್ಚಿದ್ದು ಅವರಿಗೆ ಗೊತ್ತಾದದ್ದು ಚಪ್ಪಲಿಗೆ ಕೀವು ಅಂಟಿದಾಗ. ಜಗಲಿಯ ಮೇಲೆ ಕೂರಿಸಿ ಹಳೆಯ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟೆ. ಮನೆಯ ಹುಡುಗ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಅದನ್ನು ಎತ್ತಿಕೊಂಡು ತಿಪ್ಪೆಯ ಕಡೆ ಹೊರಟ, ಅವನ ಹಿಂದೆಯೇ ನಾಯಿ ಹೊರಟಿತು. ಕೂಗಿ ನಿಲ್ಲಿಸಿದೆ. ರಕ್ತ, ಕೀವು ತಾಗಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ ಹೋಗಬೇಕು. ನಳಿಕೆ, ಕೈಗವಸು, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ. ಸೂಜಿ ಮತ್ತು ಬ್ಲೇಡು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಆಂಪೂಲ್ ನೀಲಿಗೆ. ಇದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಾಸಿಗೆಗಳಿಲ್ಲದ ಸಂಸ್ಥೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಒಂದೇ ಸಲದ್ದು, ಪದೇಪದೇ ನವೀಕರಣವಿಲ್ಲ. 90 ದಿನದೊಳಗೆ ಮಂಡಳಿ ಆಕ್ಷೇಪಿಸದಿದ್ದರೆ ಸಿಕ್ಕಿದಂತೆಯೇ ಲೆಕ್ಕ. ಮನೆಯವರು ತಾವೇ ಹಾಕಿಕೊಂಡ ಇನ್ಸುಲಿನ್ ಸೂಜಿ ಮನೆಯ ಅಪಾಯಕಾರಿ ಕಸವಾಗುತ್ತದೆ, ಅದನ್ನು ಬೇರೆಯಾಗಿ ಇಟ್ಟು ಪೌರಕಾರ್ಮಿಕರಿಗೆ ಹೇಳಿ ಕೊಡಬೇಕು. ನೀವು ಹಾಕಿದ ಸೂಜಿ ನಿಮ್ಮ ಹೊಣೆ. ಹಾಗಾಗಿ ಹೋಗುವಾಗ ಒಂದು ಚೀಲ, ಬರುವಾಗ ಎರಡು. ಸ್ಕೂಟರಿನ ಸೀಟಿನಡಿಯ ಡಬ್ಬಿಯಲ್ಲಿ ಇದಕ್ಕೆ ಮೊದಲೇ ಜಾಗ ಮಾಡಿಕೊಳ್ಳಿ.

ಸ್ಕೂಟರ್ ಎಂದಾಗ ನೆನಪಾಯಿತು: ಮದ್ದೂರು ಕಡೆಯ ರೋಗಿಗಳನ್ನು ಒಪ್ಪಿಕೊಳ್ಳುವ ಮುನ್ನ, 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ ಎಂಬುದು ಲೆಕ್ಕದಲ್ಲಿರಲಿ. ಸರ್ವೀಸ್ ರಸ್ತೆಯಲ್ಲಿ ಹೋಗುವ ಸಮಯಕ್ಕೂ ನೀವು ಶುಲ್ಕ ಹಾಕಬೇಕು.

ಪ್ರಶ್ನೆ: ನಾನು ಮೈಸೂರಿನಲ್ಲಿ ವೈದ್ಯ. ಮನೆಯಲ್ಲಿ ಮಲಗಿರುವ ರೋಗಿಗಳನ್ನು ನಿಮ್ಮಂಥ ಸಂಸ್ಥೆಗಳಿಗೆ ಒಪ್ಪಿಸಲು ಮನಸ್ಸಿದೆ. ಆದರೆ ನಾಳೆ ಹೆಚ್ಚುಕಡಿಮೆಯಾದರೆ ನನ್ನ ತಲೆಗೇ ಬರುತ್ತದೆಯಲ್ಲವೇ?

ಉತ್ತರ: ಬರುತ್ತದೆ ಡಾಕ್ಟರೇ, ನಿಮ್ಮ ಪಾಲಿನಷ್ಟು. ಆದೇಶ ನಿಮ್ಮದು, ಅದನ್ನು ನಡೆಸುವ ಕೈ ನಮ್ಮದು. 1995ರ ಶಾಂತಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬಂದಿದೆ, ನೀವೂ ಹೊರಗಿಲ್ಲ, ನಾವೂ ಇಲ್ಲ. ಆದ್ದರಿಂದ ವೃತ್ತಿ ಹೊಣೆಗಾರಿಕೆಯ ವಿಮೆ ನಿಮಗಿರುವಂತೆ ನಮಗೂ ಇರಬೇಕು. ಯಾವ ಸಂಸ್ಥೆಗೆ ರೋಗಿಯನ್ನು ಒಪ್ಪಿಸುತ್ತೀರೋ ಅವರ ವಿಮೆಯ ಪ್ರತಿ ಕೇಳಿ. ಇಲ್ಲವೆಂದರೆ ಒಪ್ಪಿಸಬೇಡಿ.

ಈಗ ನನ್ನ ಕಡೆಯ ದೂರು. ನಮ್ಮನ್ನು ಹೆಚ್ಚು ಕಷ್ಟಕ್ಕೆ ಸಿಲುಕಿಸುವುದು ಕಾಯ್ದೆಯಲ್ಲ, ಫೋನಿನಲ್ಲಿ ಬರುವ "ಎಂದಿನಂತೆ ಕೊಟ್ಟುಬಿಡಿ ಸಿಸ್ಟರ್" ಎಂಬ ಮಾತು. ವಾರ್ಡಿನಲ್ಲಿ ಅದು ನಡೆಯುತ್ತಿತ್ತು, ರೌಂಡ್ಸಿಗೆ ಬಂದಾಗ ಸಹಿ ಬೀಳುತ್ತಿತ್ತು. ರೋಗಿಯ ಮನೆಗೆ ರೌಂಡ್ಸ್ ಇಲ್ಲ. ಔಷಧದ ಹೆಸರು, ಪ್ರಮಾಣ, ಯಾವ ಮಾರ್ಗದಲ್ಲಿ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ನಿಲ್ಲಿಸಿ ನಿಮಗೆ ಕರೆ ಮಾಡಬೇಕು, ಇಷ್ಟು ಬರೆದು ಸಹಿ ಮಾಡಿ ಕೊಟ್ಟರೆ ಇಬ್ಬರೂ ನಿಶ್ಚಿಂತರು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ನಮ್ಮ ಕೆಲಸಕ್ಕೆ ಒಳ್ಳೆಯ ಊರುಗೋಲು. ರೋಗಿಯ ಪಕ್ಕದಲ್ಲಿ ನರ್ಸ್ ಕುಳಿತು ಬಿಪಿ, ನಾಡಿ, ಗಾಯದ ಸ್ಥಿತಿ ತಿಳಿಸುತ್ತಾ ವೈದ್ಯರೊಡನೆ ವಿಡಿಯೊ ಸಮಾಲೋಚನೆ ನಡೆಸಿಕೊಡುವುದನ್ನು ಅದು ಒಪ್ಪುತ್ತದೆ. ಆದರೆ ರೋಗನಿರ್ಣಯ, ಔಷಧಚೀಟಿ ನಿಮ್ಮದೇ. ಮಾದಕ ವಸ್ತುಗಳ ಪಟ್ಟಿಯಲ್ಲಿರುವ ನೋವುನಿವಾರಕವನ್ನು ವಿಡಿಯೊದಲ್ಲಿ ಬರೆಯುವಂತಿಲ್ಲ. ಕ್ಯಾನ್ಸರ್ ರೋಗಿಯ ಮಗ ಎಷ್ಟೇ ಅತ್ತರೂ ನೀವು ಒಮ್ಮೆ ನೇರವಾಗಿ ನೋಡಲೇಬೇಕು.

ಇನ್ನೊಂದು ಷರತ್ತು. ರಕ್ತನಾಳಕ್ಕೆ ಕೊಡುವ ಆಂಟಿಬಯಾಟಿಕ್‌ನ ಮೊದಲ ಡೋಸನ್ನು ನಾವು ಮನೆಯಲ್ಲಿ ಕೊಡುವುದಿಲ್ಲ. ನಿಮ್ಮಲ್ಲೇ ಕೊಟ್ಟು, ಅಲರ್ಜಿ ಇಲ್ಲವೆಂದು ನೋಡಿ, ಆಮೇಲೆ ಕಳುಹಿಸಿ. ಕುವೆಂಪುನಗರದ ಮೂರನೇ ಮಹಡಿಯ ಫ್ಲಾಟಿನಲ್ಲಿ, ಲಿಫ್ಟ್ ಕೆಟ್ಟಿರುವ ದಿನ, ರೋಗಿಯ ಗಂಟಲು ಕಟ್ಟಿಕೊಂಡರೆ ನಿಮ್ಮ ಸಹಿಯಿಂದಾಗಲಿ ನನ್ನ ಅನುಭವದಿಂದಾಗಲಿ ಉಸಿರು ಬರುವುದಿಲ್ಲ.

ಪ್ರಶ್ನೆ: ಎಂಬತ್ತೆರಡರ ನನ್ನ ತಾಯಿಗೆ ಮೂಗಿನ ನಳಿಕೆಯಲ್ಲಿ ಆಹಾರ ಕೊಡಬೇಕು. ಏಜೆನ್ಸಿಯವರು ಒಬ್ಬ ಹುಡುಗಿಯನ್ನು ಹೋಂ ನರ್ಸ್ ಎಂದು ಕಳುಹಿಸಿದ್ದಾರೆ. ಓದಿದ್ದು ಏನೆಂದು ಕೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ನಿಜವಾದ ನರ್ಸ್ ಹೌದೋ ಅಲ್ಲವೋ ಹೇಗೆ ತಿಳಿಯುವುದು? (ವಿಜಯನಗರ, ಮೈಸೂರು)

ಉತ್ತರ: ಹುಡುಗಿಯನ್ನು ಕೇಳಬೇಡಿ, ಏಜೆನ್ಸಿಯವರನ್ನು ಕೇಳಿ. ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂಬ ಒಂದೇ ಪ್ರಶ್ನೆ ಸಾಕು. ಇದ್ದರೆ ಪ್ರಮಾಣಪತ್ರದ ಪ್ರತಿ ಕಳುಹಿಸುತ್ತಾರೆ. ಇಲ್ಲದಿದ್ದರೆ "ತುಂಬಾ ಅನುಭವ ಇದೆ ಸಾರ್" ಎಂಬ ಉತ್ತರ ಬರುತ್ತದೆ. ಹಾಗೆ ಬಂದರೆ ಆಕೆ ಆರೈಕೆಯ ಸಹಾಯಕಿ. ಅದರಲ್ಲಿ ಕೀಳೇನಿಲ್ಲ. ಸ್ನಾನ, ಬಟ್ಟೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಈಗಾಗಲೇ ಹಾಕಿರುವ ನಳಿಕೆಯಲ್ಲಿ ಕಲಿಸಿದಂತೆ ಆಹಾರ ಕೊಡುವುದು, ಇಷ್ಟನ್ನು ಆಕೆ ಚೆನ್ನಾಗಿ ಮಾಡಬಲ್ಲಳು. ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡ ಸಹಾಯಕಿಯರ ಮುಂದೆ ಎಷ್ಟೋ ಪದವೀಧರರು ನಾಚಬೇಕು. ಆದರೆ ನಳಿಕೆ ಕಿತ್ತುಬಂದರೆ ಮತ್ತೆ ತೂರಿಸುವುದು, ಇಂಜೆಕ್ಷನ್, ಗಂಟಲಿನ ರಂಧ್ರದಿಂದ ಕಫ ಎಳೆಯುವುದು ಆಕೆಯ ಕೆಲಸವಲ್ಲ. ನರ್ಸಿನ ದರವನ್ನು ನಿಮ್ಮಿಂದ ವಸೂಲಿ ಮಾಡಿ ಸಹಾಯಕಿಯನ್ನು ಕಳುಹಿಸಿದ್ದರೆ ಅದು ಏಜೆನ್ಸಿಯ ಮೋಸ, ಹುಡುಗಿಯದಲ್ಲ.

ಆಹಾರ ಕೊಡುವಾಗ ತಾಯಿಯ ತಲೆಯ ಭಾಗ ಎತ್ತರದಲ್ಲಿರಲಿ, 30ರಿಂದ 45 ಡಿಗ್ರಿಯಷ್ಟು. ಮುಗಿದ ಮೇಲೂ ಅರ್ಧ ಗಂಟೆ ಹಾಗೆಯೇ ಇರಲಿ. ಗಂಜಿ ಇಳಿಯಲಿಲ್ಲವೆಂದು ಪಿಸ್ಟನ್ ಒತ್ತಿ ತಳ್ಳಬಾರದು. ನಳಿಕೆ ಮೂಗಿನ ಬಳಿ ಎಲ್ಲಿಯವರೆಗೆ ಇದೆ ಎಂದು ಪೆನ್ನಿನಲ್ಲಿ ಗುರುತು ಹಾಕಿಸಿ. ಗುರುತು ಸರಿದಿದ್ದರೆ ಆ ಹೊತ್ತಿನ ಊಟ ನಿಲ್ಲಿಸಿ ನರ್ಸನ್ನು ಕರೆಯಿರಿ.

ಪ್ರಶ್ನೆ: ನಾನೂ ನರ್ಸ್. ನಮ್ಮೂರಲ್ಲಿ ಸುಸ್ತು ಎಂದವರೆಲ್ಲ ಒಂದು ಬಾಟಲಿ ಗ್ಲೂಕೋಸ್ ಹಾಕಿ ಎಂದು ಮನೆಗೆ ಬರುತ್ತಾರೆ. ಇಲ್ಲ ಎಂದರೆ ನಿಷ್ಠುರ. ಹಾಕಿದರೆ ತಪ್ಪೇ? (ಮದ್ದೂರು ತಾಲ್ಲೂಕು)

ಉತ್ತರ: ತಪ್ಪು. ಅರ್ಧ ಲೀಟರ್ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಅಷ್ಟನ್ನು ಪಾನಕದಲ್ಲಿ ಕುಡಿಯಬಹುದು, ಬೆಲ್ಲದ ಸೀಮೆಯಲ್ಲಿ ಅದಕ್ಕೇನು ಬರ. ಸುಸ್ತಿನ ಹಿಂದೆ ಹೃದಯದ ತೊಂದರೆಯೋ ಕಿಡ್ನಿಯ ತೊಂದರೆಯೋ ಇದ್ದರೆ ಅದೇ ಬಾಟಲಿ ಶ್ವಾಸಕೋಶಕ್ಕೆ ನೀರು ತುಂಬಿಸುತ್ತದೆ. ವೈದ್ಯರ ಚೀಟಿ ಇಲ್ಲದೆ ಬಾಟಲಿ ನೇತುಹಾಕಿದ ದಿನ ನೀವು ನರ್ಸ್ ಅಲ್ಲ, ಊರಿನ ಇನ್ನೊಬ್ಬ ನಕಲಿ ವೈದ್ಯೆ. ಬಾಟಲಿಗಳನ್ನು ಮನೆಯಲ್ಲಿ ದಾಸ್ತಾನು ಇಟ್ಟು ಮಾರಿದರೆ 1940ರ ಔಷಧ ಕಾಯ್ದೆಯೂ ಬೆನ್ನು ಹತ್ತುತ್ತದೆ. ಔಷಧ ರೋಗಿಯ ಹೆಸರಿನ ಚೀಟಿಯ ಮೇಲೆ, ರೋಗಿಯ ಮನೆಯವರೇ ಅಂಗಡಿಯಿಂದ ತಂದದ್ದಾಗಿರಲಿ, ಬಿಲ್ಲು ಅವರ ಬಳಿ ಇರಲಿ. ನಿಷ್ಠುರ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಇರುತ್ತದೆ, ಆಮೇಲೆ ಅವರೇ ಬಿಪಿ ನೋಡಿಸಿಕೊಳ್ಳಲು ಬರುತ್ತಾರೆ.

ಪ್ರಶ್ನೆ: ನನ್ನ ಹೆಂಡತಿ ನರ್ಸ್. ಸಂಬಳದ ಕೆಲಸ ಬಿಟ್ಟು ಮನೆ ಆರೈಕೆ ಸಂಸ್ಥೆ ಮಾಡುತ್ತೇನೆ ಎನ್ನುತ್ತಾಳೆ. ಬ್ಯಾಂಕಿನಲ್ಲಿ ಅಡಮಾನ ಕೇಳಿದರು. ಜಿಎಸ್‌ಟಿ ಬೇರೆ ಇದೆಯಂತೆ. ಇದು ನಮ್ಮಂಥವರಿಗೆ ಆಗುವ ಮಾತೇ? (ಪಾಂಡವಪುರ)

ಉತ್ತರ: ಪತ್ರವನ್ನು ನಿಮ್ಮ ಹೆಂಡತಿ ಬರೆದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು. ಇರಲಿ. ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಆ ಯೋಜನೆಯ ಹೆಸರು ಹೇಳಿಯೇ ಅರ್ಜಿ ಕೊಡಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಗ್ರಾಮೀಣ ಪ್ರದೇಶದ ಮಹಿಳೆಗೆ ಶೇ. 35 ಸಹಾಯಧನ, ಪಟ್ಟಣದಲ್ಲಿ ಶೇ. 25, ಕೈಯಿಂದ ಹಾಕಬೇಕಾದದ್ದು ಶೇ. 5. ವಿಚಾರಿಸಬೇಕಾದದ್ದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಆತುರಪಟ್ಟು ಬೋರ್ಡ್ ಹಾಕಿ, ಬಿಲ್ಲು ಹರಿದು, ಆಮೇಲೆ ಅರ್ಜಿ ಕೊಟ್ಟರೆ ಸಿಗುವುದಿಲ್ಲ.

ಸಿಗುತ್ತದೆ ಎಂದು ಅಷ್ಟೂ ಸಾಲ ಎತ್ತಬೇಡಿ. ಸ್ಕೂಟರ್ ಇದ್ದರೆ, ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರ, ಆಕ್ಸಿಮೀಟರ್, ಬಿಸಾಡಬಹುದಾದ ಕ್ರಿಮಿರಹಿತ ಡ್ರೆಸ್ಸಿಂಗ್ ಪೊಟ್ಟಣ, ಕೈಗವಸು, ಒಳ್ಳೆಯ ಟಾರ್ಚು, ಇಷ್ಟರಿಂದ ಕೆಲಸ ಆರಂಭವಾಗುತ್ತದೆ. ಬಾಡಿಗೆಗೆ ಕೊಡಲು ಮಡಚುವ ಮಂಚ, ಆಮ್ಲಜನಕದ ಯಂತ್ರ ಕೊಂಡವರನ್ನು ಕಂಡಿದ್ದೇನೆ. ಕೋವಿಡ್ ಇಳಿದ ಮೇಲೆ ಆ ಯಂತ್ರಗಳು ಹಜಾರದಲ್ಲಿ ದೂಳು ತಿನ್ನುತ್ತಿವೆ, ಕಂತು ಮಾತ್ರ ತಪ್ಪಲಿಲ್ಲ. ಜಿಎಸ್‌ಟಿಯ ವಿಷಯ: ವೈದ್ಯಕೀಯ ಸಂಸ್ಥೆ, ವೈದ್ಯರು, ಅರೆವೈದ್ಯಕೀಯ ಸಿಬ್ಬಂದಿ ಕೊಡುವ ಆರೋಗ್ಯ ಸೇವೆಗೆ 2017ರಿಂದಲೇ ವಿನಾಯಿತಿ ಇದೆ. ಮಂಚದ ಬಾಡಿಗೆ, ಬರಿಯ ಸಹಾಯಕಿಯನ್ನು ಒದಗಿಸುವುದು ಅದರೊಳಗೆ ಬರುತ್ತದೆ ಎಂದು ತಿಳಿಯಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸೇವೆಗಳಿಗೆ ನೋಂದಣಿಯ ಚಿಂತೆಯಿಲ್ಲ. ಆದರೂ ಬಿಲ್ಲಿನಲ್ಲಿ ನರ್ಸಿಂಗ್, ಬಾಡಿಗೆ ಎಂದು ಬೇರೆ ಬೇರೆ ಸಾಲು ಬರೆಯುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಲಿ.

ಆಗುವ ಮಾತೇ ಎಂದಿರಿ. ಮೊದಲ ವರ್ಷ ಸಂಬಳದಷ್ಟು ಕೈಗೆ ಬಾರದು. ಅಷ್ಟು ದಿನ ಮನೆ ನಡೆಯುವುದು ನಿಮ್ಮ ದುಡಿಮೆಯಿಂದ ಎಂಬ ಮಾತು ನಿಮ್ಮಿಬ್ಬರ ನಡುವೆ ಈಗಲೇ ತೀರ್ಮಾನವಾಗಲಿ.

ಪ್ರಶ್ನೆ: ಈಚೆಗೆ ಮನೆ ಆರೈಕೆ ಸಂಸ್ಥೆಯೊಂದಕ್ಕೆ ಸೇರಿದ್ದೇನೆ. ಒಂದು ಮನೆಯಲ್ಲಿ ರೋಗಿಯ ಅಳಿಯ ಅಸಹ್ಯವಾಗಿ ಮಾತನಾಡುತ್ತಾನೆ. ಮಾಲೀಕರಿಗೆ ಹೇಳಿದರೆ "ಗ್ರಾಹಕರು ತಪ್ಪಿಹೋಗುತ್ತಾರೆ, ಸ್ವಲ್ಪ ಸಹಿಸಿಕೊಳ್ಳಮ್ಮ" ಎಂದರು. (ಮೈಸೂರು)

ಉತ್ತರ: ಸಹಿಸಿಕೊಳ್ಳಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ವಾಸದ ಮನೆಯೂ ಕೆಲಸದ ಜಾಗವೇ, ಕೆಲಸದ ನಿಮಿತ್ತ ಹೋದ ಎಲ್ಲ ಜಾಗವೂ ಅಷ್ಟೇ. ಅಲ್ಲಿ ಎದುರಾಗುವ ಹೊರಗಿನವರಿಂದ ನಿಮ್ಮನ್ನು ಕಾಪಾಡುವುದು ಮಾಲೀಕರ ಕರ್ತವ್ಯ. ಸಂಸ್ಥೆಯಲ್ಲಿ ಹತ್ತು ಅಥವಾ ಹೆಚ್ಚು ಜನರಿದ್ದರೆ ಒಳಸಮಿತಿ ಇರಲೇಬೇಕು. ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಿ. ಘಟನೆಯಾದ ಮೂರು ತಿಂಗಳೊಳಗೆ, ದಿನಾಂಕ ಮತ್ತು ಆಡಿದ ಮಾತು ಎರಡನ್ನೂ ಬರೆದು ಕೊಡಬೇಕು. ಪೊಲೀಸರ ಬಳಿ ಹೋಗುವುದಾದರೆ ಅದಕ್ಕೆ ನೆರವಾಗುವ ಹೊಣೆಯೂ ಮಾಲೀಕರದ್ದೇ.

ಸಂಸ್ಥೆ ನಡೆಸುವವರಿಗೂ ಹೇಳುತ್ತೇನೆ. ರೋಗಿಯ ಮನೆಯವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಎರಡು ಸಾಲು ಸೇರಿಸಿ: ನರ್ಸ್ ಇರುವಾಗ ಮನೆಯ ಒಬ್ಬ ಹೆಂಗಸು ಅಥವಾ ಹೆಸರಿಸಿದ ಒಬ್ಬ ಸಂಬಂಧಿ ಜೊತೆಗಿರಬೇಕು, ಅನುಚಿತ ವರ್ತನೆ ಕಂಡರೆ ಮುಂದಿನ ಭೇಟಿ ಇಲ್ಲ, ಮುಂಗಡ ವಾಪಸಿಲ್ಲ. ನಾನು ಹಾಕಿಸಿಕೊಳ್ಳುತ್ತೇನೆ. ಓದಿ ಮುಖ ಗಂಟು ಹಾಕಿಕೊಂಡು ಎದ್ದುಹೋದ ಗ್ರಾಹಕರು ಇದ್ದಾರೆ, ಅವರ ಮನೆಗೆ ನನ್ನ ಹುಡುಗಿಯರು ಹೋಗಲಿಲ್ಲ.

(ಪ್ರಶ್ನೆ ಕಳುಹಿಸುವವರು ದಯವಿಟ್ಟು ಹುಣ್ಣಿನ, ಗಾಯದ ಫೋಟೊಗಳನ್ನು ಲಗತ್ತಿಸಬೇಡಿ. ಅವನ್ನು ನೋಡಬೇಕಾದವರು ನಿಮ್ಮ ಡಾಕ್ಟರ್. ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವ ತನಕ ಗಾಯ ಕಾಯುವುದಿಲ್ಲ.)